ನಾವಿಬ್ಬರೂ ಕೂತಿದ್ದ ಮರದ ಬುಡ

ಇವಳೇ,

ನೀನು ಹೋಗಿ ಎರಡು ವರ್ಷವಾಯ್ತು. ಓದೋದಿಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ. ಇದನ್ನ ಇನ್ಯಾರಿಗೆ ಹೇಳಲಿ?

ನಿಮ್ಮ ಲ್ಯಾಬಿನಲ್ಲಿ ನೀನು ಗಾಜಿನ ಕೊಳವೆಗಳಲ್ಲಿ ಒಣಗಿಸಿ ಕಾಪಾಡಿದ್ದ ಬ್ಯಾಕ್ಟೀರಿಯಾಗಳ ವಿವರವನ್ನೆಲ್ಲ ಈಗ ಇಂಟರ್ನೆಟ್ಟಿಗೆ ಏರಿಸ್ತಿದ್ದಾರೆ. ಎಲ್ಲಿಯ ಸಂಶೋಧಕರಾದರೂ ನೋಡಿ, ಬೇಕಾದ್ದನ್ನ ತರಿಸ್ಕೋಬಹುದು. ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದೋಕೆ ಬರೋದು ನನಗೊಬ್ಬನಿಗೇ ಅಂತ, ಆ ಕೆಲಸವನ್ನ ನನ್ನ ತಲೆಗೇ ಕಟ್ಟಿದ್ದಾರೆ.

ಮುನ್ನೂರ ಹನ್ನೆರಡನೇ ನಂಬರನ್ನ ಒಬ್ಬ ಸಂಶೋಧಕಿ ಕೇಳಿದಳು. ಗಿಡಗಳ ಬೇರು ಕೊಳೆಯದ ಹಾಗೆ ತಡೆಯುತ್ತಲ್ಲ, ಅದು. ಉಳಿದಿದ್ದು ಒಂದೇ ಕೊಳವೆ. ಅದನ್ನೂ ಒಡೆದು, ನೀನು ಬರೆದಿಟ್ಟ ಹಾಗೇ ಬೆಳೆಸೋಕೆ ನೋಡಿದರು. ನಾಲ್ಕು ದಿನ ಕಾದರೂ ಏನೂ ಬೆಳೀಲಿಲ್ಲ.

ಇವತ್ತು ಅವಳು ಫೋನ್ ಮಾಡಿದಳು. "ಹೋಗಲಿ ಬಿಡಿ ಸರ್, ಆ ಬ್ಯಾಕ್ಟೀರಿಯಾ ಸಿಕ್ಕಿದ ಮಣ್ಣು ತಂದ ಜಾಗ ಹೇಳಿ. ಹೊಸದಾಗಿ ಹುಡುಕ್ತೀನಿ."

ನಿನ್ನ ಪುಸ್ತಕ ತೆಗೆದೆ. ಜಾಗ ಅನ್ನೋ ಕಡೆ ನೀನು ಬರೆದಿರೋದು ಇಷ್ಟೇ: 'ಭಾನುವಾರ ನಾವಿಬ್ಬರೂ ಕೂತಿದ್ದ ಮರದ ಬುಡ. ಇವರಿಗೆ ಗೊತ್ತು.'

ನೀನು ಬಗ್ಗಿ ಮಣ್ಣು ಕೆರೀತಿದ್ದದ್ದು ನೆನಪಿದೆ ಕಣೇ. ನಾನು ಗಡಿಯಾರ ನೋಡ್ತಾ, "ಸಾಕು ಏಳು, ಬಸ್ಸು ಹೋಗುತ್ತೆ" ಅಂತ ರೇಗಿದ್ದೂ ನೆನಪಿದೆ. ಯಾವ ಊರು, ಯಾವ ಮರ, ಒಂದೂ ನೆನಪಾಗ್ತಿಲ್ಲ.

ಬರೆದದ್ದನ್ನ ಓದಿ ಹೇಳಿದೆ. ನಾನು ನಿನ್ನ ಗಂಡ ಅಂತ ಅವಳಿಗೆ ಗೊತ್ತಿಲ್ಲ, ಲ್ಯಾಬಿನವರು ಯಾರೋ ಅಂದ್ಕೊಂಡಿದ್ದಾಳೆ. "ಹಾಗಾದ್ರೆ ಮೇಡಂ ಜೊತೆ ಯಾರೋ ಇದ್ರಲ್ಲ ಸರ್? ಅವರನ್ನೇ ಕೇಳೋಣ" ಅಂದಳು.

"ಯಾರೋ ಗೊತ್ತಿಲ್ಲಮ್ಮ" ಅಂದುಬಿಟ್ಟೆ.