ಮಾವ್ಶಿಯ ಕೋಟಿನ ಹಾಡು

9 ಅಕ್ಟೋಬರ್ 1983, ಭಾನುವಾರ. ಕುಕ್ಕುಂದೂರು

ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಬಟ್ಟೆ ಬದಲಿಸಿದೆ. ಡುಲ್ಸಿನ್ ಮಾವ್ಶಿ ಆಗಲೇ ಗಂಡನ ಮದುವೆಯ ಕೋಟನ್ನು ಬಿಸಿಲಿಗೆ ಹಾಕಿ, ಅದಕ್ಕೆ ಬೈಯುತ್ತಿದ್ದಳು. ಪ್ರತಿ ಭಾನುವಾರದ ಕೆಲಸ. ಅವಳ ಗಂಡ ರೊಸಾರಿಯೊ ಬಾಪ್ಪು 74ರಲ್ಲಿ ಬಹ್ರೈನಿಗೆ ಹೋದವನು. ಎರಡು ಕಾಗದ, ಆಮೇಲೆ ಸುದ್ದಿ ಇಲ್ಲ. ಅಲ್ಲಿ ಬೇರೆ ಸಂಸಾರ ಉಂಟೆಂದು ಊರಿಗೆಲ್ಲ ಗೊತ್ತು.

ಇವತ್ತು ಕೋಟಿನ ತೋಳು ಹಿಡಿದು ಕುಸಿದು ಕೂತಳು. "ಕೋಟು ಉಂಟು ಬಾಯೆ. ಕೋಟಿನೊಳಗೆ ಮನುಷ್ಯ ಇಲ್ಲ."

ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅಮ್ಮನ ತಂಗಿ ಅವಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು, ಅಕ್ಕಿ ಕಡೆಯುತ್ತಾ ಮದುವೆ ಹಾಡು ಕಲಿಸಿದವಳು.

ನಾಲ್ಕು ಗಂಟೆಗೆ ಆ ಕೋಟಿನ ಮೇಲೆ ಹಾಡು ಬರೆದು ಮುಗಿಸಿದ್ದೆ. ಪಪ್ಪ ಪಿಟೀಲಿನಲ್ಲಿ ನುಡಿಸಿ ನೋಡಿದರು. "ಒಳ್ಳೆಯದುಂಟು ಝೀಟಾ. ಆದರೆ ಅವಳಿಗೆ ಕೇಳಿಸಬೇಡ."

20 ನವೆಂಬರ್. ಉಡುಪಿ

ಮಣಿಪಾಲದ ಆಫೀಸಿನಲ್ಲಿ ವಾರವಿಡೀ ಟೈಪಿಂಗ್. ರಜೆಯ ದಿನ ಇದು — ಆರ್ಕೆಸ್ಟ್ರಾದ ಬೆಂಜಮಿನ್‌ನ ಕ್ಯಾಸೆಟ್ಟಿಗೆ ಕೋಟಿನ ಹಾಡಿನ ರೆಕಾರ್ಡಿಂಗ್.

"ಇದೆಂತ, ಸಾವಿನ ಮನೆಯಾ? ಸ್ಪೀಡ್ ಬೇಕು ಮಾರಾಯ್ತಿ!" ಅಂದ ಬೆಂಜಮಿನ್.

ಡ್ರಮ್ಸ್ ಸೇರಿಸಿದ. ನನ್ನ ಪ್ರತಿ ಸಾಲಿಗೂ ಕುಡುಕನ ದನಿಯಲ್ಲಿ ಅವನ ಉತ್ತರ: "ಅವ ಇಲ್ಲದಿದ್ದರೆ ನಾನಿಲ್ವಾ?" ಮೈಮೇಲೆ ಕಂಬಳಿಹುಳ ಹರಿದ ಹಾಗಾಯಿತು. ಬೇಡ ಎನ್ನಬೇಕಿತ್ತು. ಕವರಿನ ಮೇಲೆ ನಿನ್ನ ಫೋಟೋ, ಅಂದ.

ಹೂಂ ಅಂದೆ.

23 ಜನವರಿ 1984. ಕಾರ್ಕಳ

ಗುರುತಿನವರ ಮದುವೆ. ಊಟಕ್ಕೆ ಮೊದಲು, ಕ್ಯಾಸೆಟ್ ಕೇಳಿದವರೆಲ್ಲ ಅದೇ ಹಾಡು ಬೇಕೆಂದರು. ಮಾವ್ಶಿ ಮೂರನೇ ಸಾಲಿನಲ್ಲಿ. ಬರುವುದಿಲ್ಲ ಅಂದಿದ್ದಳು, ಬಂದಿದ್ದಳು. ಈ ಹಾಡನ್ನು ಅವಳು ಕೇಳಿಯೇ ಇರಲಿಲ್ಲ.

ನನ್ನ ದನಿ ಕೇಳಿ ಹೆಮ್ಮೆಯಿಂದ ನಕ್ಕಳು. ಕೋಟಿನ ಸಾಲು ಬಂತು, ಅವಳದೇ ಮಾತು. ನಗು ತಕ್ಷಣ ಹೋಗಲಿಲ್ಲ — ತೆಗೆಯಲು ಮರೆತವಳ ಹಾಗೆ ಮುಖದ ಮೇಲೆ ಹಾಗೇ ಉಳಿಯಿತು. ಒಬ್ಬ ಕೋಟನ್ನು ತಿರುಗಾಮುರುಗಾ ಹಾಕಿಕೊಂಡು ಕುಣಿಯುತ್ತಾ ಹೆಂಗಸರ ಕಡೆ ಬಿದ್ದ. ಯಾರೋ ಕೂಗಿದರು, "ಡುಲ್ಸಿನ್‌ಬಾಯ್, ಕೋಟು ಒಣಗಿತಾ?" ಮದುವೆ ಹಾಲಿಡೀ ನಗು. ಬರೀ ಹಲ್ಲು, ಬೆವರು, ಬ್ರಾಂದಿಯ ವಾಸನೆ.

ನಿಲ್ಲಿಸಬಹುದಿತ್ತು. ಇನ್ನೂ ಎರಡು ಚರಣ ಬಾಕಿ ಇತ್ತು. ಎರಡನ್ನೂ ಹಾಡಿದೆ.

ಮಾವ್ಶಿ ಉಣ್ಣದೆ ಬಸ್ಸು ಹತ್ತಿದಳಂತೆ.

12 ಫೆಬ್ರವರಿ. ಕಾಪು

ಮೂರು ವಾರ. ಮಾವ್ಶಿ ಅನ್ನ ಬಡಿಸುತ್ತಾಳೆ, ಮಾತಿಲ್ಲ.

ಕ್ಲಬ್ಬಿನ ವಾರ್ಷಿಕೋತ್ಸವ. ಸ್ಟೇಜ್ ಹತ್ತುವಾಗಲೇ "ಕೋಟು! ಕೋಟು!" ಮೈಕಿನಲ್ಲಿ ಹೇಳಿದೆ, ಆ ಹಾಡು ಹಾಡುವುದಿಲ್ಲ. ಸಿಳ್ಳೆ. ಬೆಂಜಮಿನ್ ಕಿವಿಯ ಹತ್ತಿರ ಬಂದು, "ನೀನು ಹಾಡದಿದ್ದರೆ ಎಂತ? ಕ್ಯಾಸೆಟ್ ಉಂಟಲ್ವಾ?"

ಹಾಕಿಯೇ ಬಿಟ್ಟ. ನಾನು ಬಾಯಿ ಮುಚ್ಚಿ ನಿಂತಿದ್ದೆ, ಸ್ಪೀಕರಿನಲ್ಲಿ ನಾನೇ ಹಾಡುತ್ತಿದ್ದೆ. ಜನ ಅದಕ್ಕೂ ಚಪ್ಪಾಳೆ ಹೊಡೆದರು. ನನ್ನದೇ ದನಿ — ಎಷ್ಟು ಖುಷಿಯಲ್ಲಿ ಹಾಡಿದ್ದೇನೆ! ಹಾಡು ಮುಗಿಯುವ ಮೊದಲೇ ಸ್ಟೇಜ್ ಇಳಿದು ಬಂದೆ.

13 ಫೆಬ್ರವರಿ. ಮನೆ

ಆಫೀಸಿಗೆ ರಜೆ. ಅಡುಗೆಮನೆಯಲ್ಲಿ ಮಾವ್ಶಿ ಬಂಗುಡೆ ಸ್ವಚ್ಛ ಮಾಡುತ್ತಿದ್ದಳು. ತಪ್ಪಾಯಿತು ಅಂದೆ.

"ಊರು ನಕ್ಕದ್ದಕ್ಕೆ ಕೋಪ ಇಲ್ಲ. ಹತ್ತು ವರ್ಷದಿಂದ ನಗುತ್ತಾರೆ." ತಲೆ ಎತ್ತಲಿಲ್ಲ. "ಒಂದು ಕೇಳುತ್ತೇನೆ. ಆ ದಿನ ನನ್ನನ್ನು ಹಿಡಿದುಕೊಂಡು ಅತ್ತೆಯಲ್ಲ, ಆಗಲೇ ಬಾಯಿಪಾಠ ಮಾಡುತ್ತಾ ಇದ್ದೆಯಾ?"

ಇಲ್ಲ ಅನ್ನಲು ಬಾಯಿ ತೆರೆದೆ.

"ಹೌದು ಮಾವ್ಶಿ."

ಕೊನೆಯ ಮೀನನ್ನು ಸೀಳಿ ಮುಗಿಸಿದಳು. ಕೈ ತೊಳೆದಳು. ಆಮೇಲೆ ಬಾಪ್ಪುವಿನ ಬಗ್ಗೆ ಒಂದು ಮಾತು ಹೇಳಿದಳು. ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಕೇಳುತ್ತಾ ಕೇಳುತ್ತಾ ನನ್ನ ಬೆರಳು ತೊಡೆಯ ಮೇಲೆ ತಾಳ ಎಣಿಸುತ್ತಿತ್ತು. ಅವಳು ಅದನ್ನು ನೋಡಿದಳು.

ಥೂ, ನನ್ನ ಜನ್ಮಕ್ಕೆ.

ಅವಳು ಹೇಳಿದ್ದು ಎಂತ ಅಂದರೆ —

ಇಲ್ಲ. ಇಲ್ಲಿ ಕೂಡ ಬರೆಯುವುದಿಲ್ಲ.