ಮೇಜಾದ ಬಾಗಿಲು

ಶನಿವಾರ, ಶಾಲೆ ಬಿಟ್ಟ ಮೇಲೆ

ಪ್ರೀತಿಯ ಅಮ್ಮನಿಗೆ ನಿನ್ನ ಮೊಂಡಿಯ ನಮಸ್ಕಾರ.

ನಿನ್ನ ಕಾಗದ ಬಂತು. ಮೊದಲ ಸಾಲಿನಲ್ಲಿ ನನ್ನ ಆರೋಗ್ಯ ವಿಚಾರಿಸಿದ್ದೀಯ, ಎರಡನೆಯದರಲ್ಲಿ ಬಾಗಿಲನ್ನು. ಆಡಳಿತ ಮಂಡಳಿಯ ಅಧ್ಯಕ್ಷರು ನಿನ್ನ ಮನೆಯವರೆಗೂ ಬಂದು ಚಾಡಿ ಹೇಳಿ ಹೋಗಿದ್ದಾರೆ ಅಂತ ಅಲ್ಲೇ ತಿಳಿಯಿತು. ಹೌದಮ್ಮ, ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲನ್ನು ನಾನೇ ಕಳಚಿಸಿದೆ. ನೀನು ನಿವೃತ್ತಿಯವರೆಗೆ ಕೂತಿದ್ದ ಅದೇ ಕೋಣೆ, ಅದೇ ಬಾಗಿಲು. ಈಗ ಅದು ಕಾಲು ಹಚ್ಚಿಕೊಂಡು ಶಿಕ್ಷಕರ ಕೋಣೆಯಲ್ಲಿ ಮೇಜಾಗಿ ನಿಂತಿದೆ. ಸೋಮವಾರದೊಳಗೆ ಅದನ್ನು ಚೌಕಟ್ಟಿಗೆ ಮತ್ತೆ ಕೂರಿಸದಿದ್ದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರಂತೆ. ನಾನು ಕೂರಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ನಿಧಾನವಾಗಿ ಓದಬಹುದು.

ನಾನು ಮುಖ್ಯೋಪಾಧ್ಯಾಯಿನಿಯಾಗಿ ಬಂದಾಗ ಇಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ತರಗತಿಯಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಗಣಿತದ ಮೇಡಂಗೂ ವಿಜ್ಞಾನದ ಮೇಷ್ಟ್ರಿಗೂ ಬೀರುವಿನ ಕೀಲಿಯ ವಿಷಯಕ್ಕೆ ಮಾತು ನಿಂತಿತ್ತು. ಏನಾದರೂ ಹೇಳಬೇಕಾದರೆ ಜವಾನನ ಬಾಯಲ್ಲಿ ಹೇಳಿಸುತ್ತಿದ್ದರು. ಪಾಪ, ಆತ ಗಂಟೆ ಹೊಡೆದದ್ದಕ್ಕಿಂತ ಇವರ ಜಗಳ ಹೊತ್ತು ತಿರುಗಿದ್ದೇ ಹೆಚ್ಚು. ನಾನು ಸಭೆ ಕರೆದು ಒಗ್ಗಟ್ಟಿನ ಮೇಲೆ ಭಾಷಣ ಬಿಗಿದೆ. ಎಲ್ಲರೂ ತಲೆಯಾಡಿಸಿ, ಹೊರಗೆ ಹೋಗಿ ಬೇರೆ ಬೇರೆ ದಿಕ್ಕು ಹಿಡಿದರು.

ಆಮೇಲೆ ಹೊಳೆಯಿತು, ಎಲ್ಲರೂ ಸುತ್ತ ಕೂರುವಂಥ ಒಂದು ಮೇಜೂ ಇಲ್ಲಿಲ್ಲ. ಮಂಡಳಿಯನ್ನು ಕೇಳಿದರೆ ಮುಂದಿನ ವರ್ಷ ನೋಡೋಣ ಎಂದರು. ನನ್ನ ಬಾಗಿಲನ್ನು ನೋಡಿದೆ. ಒಳ್ಳೆಯ ಅಗಲ, ಗಟ್ಟಿ ಮರ. ಬಡಗಿಯನ್ನು ಕರೆಸಿದೆ.

ಮೇಜಿಗೆ ಒಂದೇ ಕಟ್ಟಳೆ ಮಾಡಿದೆ: ಕೂರುವವರು ಆ ವಾರ ಕೆಟ್ಟುಹೋದ ತಮ್ಮ ಒಂದು ಪಾಠವನ್ನು ಹೇಳಬೇಕು. ನಾನೇ ಶುರುಮಾಡಿದೆ, ನನ್ನ ಇತಿಹಾಸದ ಪಾಠಕ್ಕೆ ಹಿಂದಿನ ಬೆಂಚು ಪೂರ್ತಿ ತೂಕಡಿಸಿತು ಅಂತ. ಚಿತ್ರಕಲೆಯ ಮೇಷ್ಟ್ರು ಮೆಲ್ಲಗೆ, "ಮಕ್ಕಳದ್ದೇನೂ ತಪ್ಪಿಲ್ಲ ಮೇಡಂ, ಅವತ್ತು ನಿಮ್ಮ ಒಗ್ಗಟ್ಟಿನ ಭಾಷಣಕ್ಕೆ ನಾನೂ ತೂಕಡಿಸಿದ್ದೆ" ಅಂದರು. ಅಂಥ ನಗು ಈ ಗೋಡೆಗಳು ಕೇಳಿರಲಿಕ್ಕಿಲ್ಲ. ನಗು ನಿಂತ ಮೇಲೆ ವಿಜ್ಞಾನದ ಮೇಷ್ಟ್ರು, ಅನುಪಾತ ಬಂದ ಕಡೆಯೆಲ್ಲ ತಮ್ಮ ಪಾಠ ಮುಗ್ಗರಿಸುತ್ತದೆ ಎಂದು ಒಪ್ಪಿಕೊಂಡರು. ಗಣಿತದ ಮೇಡಂ ಜವಾನನ ಕಡೆ ನೋಡುತ್ತಲೇ, "ಬೇಕಾದ್ರೆ ನನ್ನ ಕ್ಲಾಸಿಗೆ ಬಂದು ಕೂತ್ಕೊಳ್ಳೋಕೆ ಹೇಳಪ್ಪ ಅವರಿಗೆ" ಅಂದರು. ಮಾರನೆಯ ಬೆಳಿಗ್ಗೆ ಆ ಮೇಷ್ಟ್ರು ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂತಿದ್ದರು. ಬೀರುವಿನ ಕೀಲಿ ಈಗ ಮೇಜಿನ ಪಕ್ಕದ ಮೊಳೆಗೆ ನೇತಾಡುತ್ತಿದೆ.

ಎಲ್ಲ ಸರಿಹೋಯಿತು ಅಂತ ಬರೆದು ನಿನ್ನನ್ನು ನಂಬಿಸುವುದಿಲ್ಲ. ಭಾಷೆಯ ಮೇಡಂ ಇನ್ನೂ ತಮ್ಮ ತರಗತಿಯಲ್ಲೇ ಉಣ್ಣುತ್ತಾರೆ. ನಾನು ಎಳೆದು ತರಲು ಹೋಗಿಲ್ಲ. ಕಣ್ಣೀರಿಟ್ಟುಕೊಂಡು ಬಂದ ತಾಯಂದಿರನ್ನು ಕೂರಿಸಲು ಮರೆ ಬೇಕೆಂದಿದ್ದೀಯ, ನಿಜ. ಅದಕ್ಕೆ ಗ್ರಂಥಾಲಯದ ಮೂಲೆಗೆ ಪರದೆ ಕಟ್ಟಿಸಿದ್ದೇನೆ.

ನಿನ್ನೆ ಅಧ್ಯಕ್ಷರು ಬಡಗಿಯನ್ನು ಕರೆದುಕೊಂಡೇ ಬಂದರು. ಬಾಗಿಲಿಲ್ಲದ ಹೆಡ್‌ಮೇಡಂಗೆ ಯಾರು ಹೆದರ್ತಾರೆ ಅಂತ ಕೇಳಿದರು. ಯಾರೂ ಹೆದರಲ್ಲ ಸಾರ್, ಅದಕ್ಕೇ ಕೆಲಸ ಆಗ್ತಿದೆ ಅಂದೆ. ಮೇಜಿನ ಸುತ್ತ ಕೂತವರಿಗೆ, ಏಳಿ, ಇದು ಶಾಲೆಯ ಸ್ವತ್ತು ಎಂದು ಗದರಿದರು. ಗಣಿತದ ಮೇಡಂ ಉತ್ತರ ಪತ್ರಿಕೆಯಿಂದ ತಲೆ ಎತ್ತದೆ, "ನಾವೂ ಶಾಲೆ ಸ್ವತ್ತೇ ಸಾರ್. ಕುರ್ಚಿ ಸಮೇತ ಹೊತ್ಕೊಂಡು ಹೋಗಿ" ಅಂದರು. ಒಬ್ಬರೂ ಏಳಲಿಲ್ಲ. ಬಡಗಿ ತನ್ನ ಚೀಲ ಹೆಗಲಿಗೇರಿಸಿ, ಸೋಮವಾರ ಬರ್ತೀನಿ ಅಂತ ಜಾರಿಕೊಂಡ. ಸೋಮವಾರ ನನ್ನನ್ನು ತೆಗೆಯುವ ಸಭೆ ಇದೆ, ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ ಜವಾನನ ಕೈಯಲ್ಲಿ ಕಳಿಸುತ್ತಿದ್ದೇನೆ. ಇಷ್ಟು ಜನ ಕೂರುವ ಮೇಜು ಇಡೀ ಶಾಲೆಯಲ್ಲಿ ಇದೊಂದೇ, ಸಭೆಯನ್ನು ಇಲ್ಲೇ ಮಾಡಿ ಎಂದು ಹೇಳಿ ಕಳಿಸಿದ್ದೇನೆ.

ಹೆದರಿಕೆ ಇಲ್ಲದ ಕಡೆ ಶಿಸ್ತು ಇರಲ್ಲ ಎಂದು ಬರೆದಿದ್ದೀಯ. ನಿನ್ನನ್ನು ಕಂಡರೆ ಎಲ್ಲರಿಗೂ ಹೆದರಿಕೆ ಇತ್ತಲ್ಲ ಅಮ್ಮ, ಯಾವತ್ತಾದರೂ ಯಾರಾದರೂ ತಮ್ಮ ಪಾಠ ಕೆಟ್ಟಿತು ಅಂತ ನಿನ್ನ ಹತ್ತಿರ ಬಂದು ಹೇಳಿದ್ದರಾ? ಕೆಲಸ ಹೋದರೆ ಹೋಗಲಿ. ಬಾಗಿಲು ಮಾತ್ರ ವಾಪಸ್ ಹೋಗಲ್ಲ.

ಇಂತಿ,
ನೀನೇ ಹೆತ್ತ ಮೊಂಡಿ

ಮರೆತಿದ್ದೆ: ಬಾಗಿಲಿನ ಒಳಮೈ ಈಗ ಮೇಜಿನ ಮೇಲ್ಮೈ. ಮರ ಉಜ್ಜುವಾಗ ಬಡಗಿ ಕೆಳಭಾಗದ ಒಂದು ಕಲೆ ತೋರಿಸಿದ, ತಲೆಗೆ ಹಚ್ಚುವ ಎಣ್ಣೆಯದು. ನೆಲದ ಮೇಲೆ ಕೂತು ತಲೆ ಆನಿಸಿದರೆ ಸರಿಯಾಗಿ ಅಲ್ಲಿಗೇ ಬರುತ್ತದೆ. ಒಳಗಿನಿಂದ ಅಗಳಿ ಹಾಕಿಕೊಂಡು ನೀನು ಎಷ್ಟು ಸಲ ಹಾಗೆ ಒಬ್ಬಳೇ ಕೂತಿದ್ದೆಯೋ. ಹೊರಗಿದ್ದ ನಾವೆಲ್ಲ ಮೇಡಂ ಕೆಲಸದಲ್ಲಿದ್ದಾರೆ ಅಂದುಕೊಂಡೆವು. ಆ ಕಲೆಯನ್ನು ಉಜ್ಜಬೇಡ ಎಂದೆ. ಅದರ ಮುಂದೆ ಒಂದು ಕುರ್ಚಿ ಹಾಕಿಸಿದ್ದೇನೆ, ಅದರಲ್ಲಿ ಯಾರನ್ನೂ ಕೂರಲು ಬಿಟ್ಟಿಲ್ಲ. ಸೋಮವಾರ ಅಧ್ಯಕ್ಷರಿಗಿಂತ ಮೊದಲೇ ಬಂದು ಕೂತುಬಿಡು.