ಒಂದು ನಿರಾಕರಣ ಪತ್ರಕ್ಕಾಗಿ

ಕನ್ನಡಕದ ಕಾರ್ಖಾನೆಯ ವ್ಯವಸ್ಥಾಪಕರಿಗೆ,

ಮಾನ್ಯರೇ,

ಗಾಜು ಉಜ್ಜುವ ಕೆಲಸಕ್ಕೆಂದು ನೀವು ನನ್ನನ್ನು ಮೂರು ಬಾರಿ ಸಂದರ್ಶನಕ್ಕೆ ಕರೆಸಿದಿರಿ. ಕೆಲಸ ಖಚಿತವಾಗುವವರೆಗೆ ನಾನೀಗ ದುಡಿಯುತ್ತಿರುವ ಕಡೆಯ ಯಜಮಾನರಿಗೆ ತಿಳಿಸಬಾರದೆಂದು ಅರ್ಜಿಯಲ್ಲಿಯೇ ಬರೆದು, ಕೆಳಗೆ ಗೆರೆ ಎಳೆದಿದ್ದೆ. ಮೂರನೆಯ ಸಂದರ್ಶನದ ಮರುದಿನವೇ ನೀವು ಅವರಿಗೆ ಫೋನು ಮಾಡಿ ನನ್ನ ನಡತೆಯನ್ನು ವಿಚಾರಿಸಿದಿರಿ. ಅಂದಿನಿಂದ ಇಪ್ಪತ್ತಾರು ದಿನ ನಿಮ್ಮ ಬಾಯಿಗೆ ಬೀಗ ಬಿದ್ದಿದೆ. ನಿಮ್ಮ ಕಚೇರಿಯಲ್ಲಿ ಕೇಳಿದಾಗಲೆಲ್ಲ, “ಸಾಹೇಬ್ರು ಮೀಟಿಂಗಲ್ಲಿದಾರೆ, ನಾವೇ ತಿಳಿಸ್ತೀವಮ್ಮಾ” ಎಂಬ ಉತ್ತರ. ಆ ಮೀಟಿಂಗಿನಿಂದ ಊಟಕ್ಕಾದರೂ ಏಳುತ್ತೀರೋ?

ಇತ್ತ ಯಜಮಾನರು, “ಏನಮ್ಮಾ, ಗಂಟುಮೂಟೆ ಕಟ್ಟಾಯ್ತಂತಲ್ಲ!” ಎಂದು ಹಂಗಿಸಿ, ಹನ್ನೊಂದು ವರ್ಷ ನಾನು ಕುಳಿತ ಯಂತ್ರದ ಮುಂದೆ ತಮ್ಮ ನಾದಿನಿಯನ್ನು ಕೂರಿಸಿದ್ದಾರೆ. ಅಂಗಲಾಚಿದಾಗ, “ಅವ್ರು ನಿನ್ನ ಬೇಡ ಅಂದ್ರು ಅಂತ ಶನಿವಾರದೊಳಗೆ ಕಾಗದ ತಾ. ಆಮೇಲೆ ನೋಡೋಣ” ಎಂದರು.

ನಿಮ್ಮ ನೌಕರಿ ನನಗೆ ಬೇಡ. ನನ್ನನ್ನು ತೆಗೆದುಕೊಳ್ಳುವುದಿಲ್ಲವೆಂದು ಒಂದೇ ವಾಕ್ಯ ಬರೆದು, ರುಜು ಹಾಕಿ ಕಳುಹಿಸಿರಿ. ವಿಳಾಸ ಬರೆದ ಲಕೋಟೆಯನ್ನು ಜೊತೆಗಿಟ್ಟಿದ್ದೇನೆ. ಶುಕ್ರವಾರದೊಳಗೆ ಅದು ಬಾರದಿದ್ದರೆ, ಶನಿವಾರ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿ ಕುಳಿತು, ಸಂದರ್ಶನಕ್ಕೆ ಬಂದ ಪ್ರತಿಯೊಬ್ಬರಿಗೂ ಈ ಪತ್ರವನ್ನು ಓದಿ ಹೇಳುತ್ತೇನೆ.

ಇತಿ,
ನೀವು ಮೂರು ಬಾರಿ ಕರೆಸಿಕೊಂಡ ಕೆಲಸಗಾರ್ತಿ